ಮೊದಲ ಸಲವೇ ಲಾಗರ್? ಆಗಲಿ, ಹೆಪ್ಪು ಮಾತ್ರ ಜಾಸ್ತಿ ಹಾಕಿ

ಪ್ರಶ್ನೆ: ನಾನು ದಾವಣಗೆರೆಯವನು. ಆರು ವರ್ಷದಿಂದ ಅಮೆರಿಕದ ಮಿಲ್ವಾಕಿ ಹತ್ತಿರ ಇದ್ದೇನೆ. ಪಕ್ಕದ ಮನೆಯವರು ನೆಲಮಾಳಿಗೆಯಲ್ಲಿ ಬಿಯರ್ ಮಾಡುವುದನ್ನು ನೋಡಿ ನನಗೂ ಆಸೆಯಾಗಿದೆ. ನನಗೆ ಇಷ್ಟವಿರುವುದು ಬಂಗಾರದ ಬಣ್ಣದ ತಿಳಿ ಲಾಗರ್. ಆದರೆ ಹೊಸಬರು ಬೆಚ್ಚಗೆ ಹುದುಗುವ ಏಲ್ ಬಿಯರ್ ಮಾಡಬೇಕು, ತಂಪಿನಲ್ಲಿ ಹುದುಗುವ ಲಾಗರ್ ಕೈಗೆ ಹತ್ತುವುದಿಲ್ಲ ಎಂದು ಎಲ್ಲರೂ ಹೆದರಿಸುತ್ತಾರೆ. ಅಂಗಡಿಯಲ್ಲಿ ‘ಲಾಗರ್’ ಎಂದೇ ಬರೆದಿರುವ ಡಬ್ಬಿ ಸಿಕ್ಕಿತು. ಜೊತೆಗೆ 7 ಗ್ರಾಂ ಯೀಸ್ಟ್ ಇದೆ, ಒಂದು ಕೆಜಿ ಸಕ್ಕರೆ ಬೆರೆಸಿ 21ರಿಂದ 27 ಡಿಗ್ರಿಯಲ್ಲಿಡಿ ಎಂದು ಚೀಟಿಯಲ್ಲಿದೆ. ಕೊಳ್ಳಲೇ? ಗ್ಯಾರೇಜಿನಲ್ಲಿ ಹಳೇ ಫ್ರಿಜ್ ಇದೆ, ನೆಲಮಾಳಿಗೆ ಚಳಿಗಾಲದಲ್ಲಿ 16 ಡಿಗ್ರಿ ಆಸುಪಾಸು ಇರುತ್ತದೆ. ಏಳು ವಾರದಲ್ಲಿ ಭಾವಮೈದ ಊರಿಂದ ಬರುತ್ತಾನೆ, ಅಷ್ಟರಲ್ಲಿ ಆಗುತ್ತದೆಯೇ? ನಮ್ಮ ಜೊತೆಗಿರುವ ಅಮ್ಮನಿಗೆ ಇದು ಕಳ್ಳಬಟ್ಟಿಯ ಹಾಗೆ ವಿಷವಾದೀತು ಎಂಬ ಭಯ.

ಉತ್ತರ: ಡಬ್ಬಿ ಕೊಳ್ಳಬೇಡಿ. ಲಾಗರ್ ಮಾಡಿ. ಏಳು ವಾರ ಸಾಕು, ಆದರೆ ಈ ಶನಿವಾರವೇ ಶುರು ಮಾಡಬೇಕು.

ಮೊದಲು ಡಬ್ಬಿಯ ವಿಷಯ. ಮೇಲೆ ಲಾಗರ್ ಎಂದು ಬರೆದಿದ್ದರೂ ಒಳಗಿರುವುದು ಲಾಗರ್ ಯೀಸ್ಟ್ ಅಲ್ಲದೇ ಇರಬಹುದು. ಅನೇಕ ಕಿಟ್‌ಗಳಲ್ಲಿ ಏಲ್ ಯೀಸ್ಟ್ ಇಟ್ಟಿರುತ್ತಾರೆ, ಏಕೆಂದರೆ ಕೊಳ್ಳುವವರ ಮನೆಯಲ್ಲಿ ಫ್ರಿಜ್ ಇದೆಯೋ ಇಲ್ಲವೋ ಅವರಿಗೆ ಗೊತ್ತಿರುವುದಿಲ್ಲ. ಚೀಟಿಯಲ್ಲಿ 27 ಡಿಗ್ರಿ ಎಂದು ನೋಡಿದ ಕೂಡಲೇ ಅನುಮಾನ ಬರಬೇಕು. ಆ ಒಂದು ಕೆಜಿ ಸಕ್ಕರೆಯೂ ಅಷ್ಟೆ: ಅಮಲು ಬರುತ್ತದೆ, ಮೈ ಬರುವುದಿಲ್ಲ. ಕುಡಿದರೆ ನೀರು ನೀರು.

ಹೊಸಬರಿಗೆ ಲಾಗರ್ ಬೇಡ ಎನ್ನುವ ಮಾತು ಎಲ್ಲಿಂದ ಬಂತು ಎಂದರೆ, ಅದಕ್ಕೂ ಕಾರಣವಿದೆ. ತಿಳಿ ಲಾಗರಿನಲ್ಲಿ ತಪ್ಪು ಮುಚ್ಚಿಡಲು ಜಾಗವಿಲ್ಲ. ಹುರಿದ ಮಾಲ್ಟಿನ ಕಪ್ಪು ಬಿಯರಿನಲ್ಲಿ, ಹಾಪ್ಸ್ ಎಂಬ ಕಹಿ ಹೂವು ಸುರಿದ ಐಪಿಎ ಎಂಬ ಏಲಿನಲ್ಲಿ ಸಣ್ಣಪುಟ್ಟ ಕೆಡುಕು ಮುಳುಗಿ ಹೋಗುತ್ತದೆ. ಇಲ್ಲಿ ಬಿಳಿ ಪಂಚೆಯ ಮೇಲೆ ಸಾರು ಚೆಲ್ಲಿದ ಹಾಗೆ ಎದ್ದು ಕಾಣುತ್ತದೆ. ಜೊತೆಗೆ ತಂಪು ಬೇಕು. ಹಿಂದೆ ಹವ್ಯಾಸಿಗಳಿಗೆ ಒಳ್ಳೆಯ ಒಣ ಲಾಗರ್ ಯೀಸ್ಟ್ ಸಿಗುತ್ತಿರಲಿಲ್ಲ, ತಾಪ ಹಿಡಿದಿಡುವ ಉಪಕರಣವೂ ಅಗ್ಗವಿರಲಿಲ್ಲ. ಈಗ ಎರಡೂ ಸಿಗುತ್ತವೆ. ಹಳೆಯ ಎಚ್ಚರಿಕೆ ಮಾತ್ರ ಬಾಯಿಂದ ಬಾಯಿಗೆ ಉಳಿದುಕೊಂಡಿದೆ.

ಇನ್ನು ನೀವಿರುವ ಊರು! ಜರ್ಮನಿಯಿಂದ ಬಂದವರು ಮಿಲ್ವಾಕಿಯಲ್ಲಿ ಬ್ರೂವರಿ ಕಟ್ಟಿದ್ದಕ್ಕೆ ಒಂದು ಕಾರಣ ಅಲ್ಲಿನ ಚಳಿಯೇ. ಫ್ರೆಡರಿಕ್ ಮಿಲ್ಲರ್ 1855ರಲ್ಲಿ ಪ್ಲ್ಯಾಂಕ್ ರೋಡ್ ಬ್ರೂವರಿ ಕೊಂಡಾಗ ಗುಡ್ಡದೊಳಗೆ ಕೊರೆದ ಗವಿಗಳಲ್ಲಿ, ಕೆರೆಗಳಿಂದ ಕೊಯ್ದು ತಂದ ಮಂಜುಗಡ್ಡೆಯ ನಡುವೆ ಬಿಯರ್ ಇಡುತ್ತಿದ್ದರು. ‘ಲಾಗರ್’ ಎಂಬ ಜರ್ಮನ್ ಪದದ ಹಿಂದಿರುವುದೇ ಶೇಖರಿಸಿಡುವುದು ಎಂಬ ಅರ್ಥ. ನಿಮ್ಮ ಹಳೇ ಫ್ರಿಜ್ ಅವರ ಗವಿಯ ಕೆಲಸ ಮಾಡುತ್ತದೆ.

ಆದರೆ ಫ್ರಿಜ್ಜನ್ನು ಗ್ಯಾರೇಜಿನಿಂದ ನೆಲಮಾಳಿಗೆಗೆ ಇಳಿಸಿ. ಗ್ಯಾರೇಜಿನ ಚಳಿಯಲ್ಲಿ ಫ್ರಿಜ್ ತಣಿಸುವ ಪ್ರಶ್ನೆಯೇ ಬರುವುದಿಲ್ಲ. ಹೊರಗೆ ಸೊನ್ನೆಗಿಂತ ಕೆಳಗಿದ್ದರೆ ಬಿಯರ್ ಒಳಗೇ ಹೆಪ್ಪುಗಟ್ಟೀತು. ಇನ್ನೊಂದು, ಫ್ರಿಜ್ಜಿನ ತಿರುಗಣೆಯಿಂದ 12 ಡಿಗ್ರಿ ಬರಿಸಲಾಗದು, ಅದು ತರಕಾರಿ ಇಡುವ 3-4 ಡಿಗ್ರಿಗೆ ಮಾಡಿದ್ದು. ಹೊರಗಿನಿಂದ ಸಿಕ್ಕಿಸುವ ತಾಪ ನಿಯಂತ್ರಕ ಕೊಳ್ಳಿ. ಫ್ರಿಜ್ಜಿನ ಪ್ಲಗ್ ಅದಕ್ಕೆ ಸಿಕ್ಕಿಸುವುದು, ಅದರ ತಂತಿಯ ತುದಿಯ ಸಂವೇದಕವನ್ನು ಬಿಯರ್ ಹುದುಗುವ ಬಕೆಟ್ಟಿನ ಪಕ್ಕಕ್ಕೆ ಅಂಟಿಸಿ ಮೇಲೊಂದು ಮಡಿಸಿದ ಟವೆಲ್ ಕಟ್ಟುವುದು. ಗಾಳಿಯಲ್ಲಿ ತೂಗಾಡಲು ಬಿಡಬೇಡಿ. ಹುದುಗುವಾಗ ಯೀಸ್ಟೇ ಶಾಖ ಹುಟ್ಟಿಸುತ್ತದೆ, ಬಕೆಟ್ಟಿನ ಒಳಗು ಸುತ್ತಲ ಗಾಳಿಗಿಂತ ಮೂರ್ನಾಲ್ಕು ಡಿಗ್ರಿ ಮೇಲೇರಬಹುದು. ನಮಗೆ ಬೇಕಿರುವುದು ಬಿಯರಿನ ತಾಪ.

ಇಡೀ ಉತ್ತರದಲ್ಲಿ ಮುಖ್ಯವಾದ ಮಾತು ಈಗ ಹೇಳುವುದು. ಬೇಸಿಗೆಯಲ್ಲಿ ಹಾಲಿಗೆ ಅರ್ಧ ಚಮಚ ಹೆಪ್ಪು ಸಾಕು. ಮಿಲ್ವಾಕಿಯ ಜನವರಿಯಲ್ಲಿ ನಿಮ್ಮ ಅಮ್ಮ ಎರಡು ಮೂರು ಚಮಚ ಹಾಕಿ, ಪಾತ್ರೆಯನ್ನು ಓವನ್ ಒಳಗೆ ಬೆಚ್ಚಗಿಡುತ್ತಿರಬೇಕು. ಚಳಿಯಲ್ಲಿ ಜೀವಾಣು ನಿಧಾನ, ಅದಕ್ಕೆ ತಲೆ ಎಣಿಕೆ ಹೆಚ್ಚಿಸುತ್ತೇವೆ. ಲಾಗರ್ ಎಂದರೆ ಅಷ್ಟೆ. ನಾವು ಬೇಕೆಂದೇ ತಂಪಿನಲ್ಲಿ ಹುದುಗಿಸುತ್ತೇವೆ, ಬಾಳೆಹಣ್ಣಿನಂಥ ವಾಸನೆಗಳು ಹುಟ್ಟದಿರಲಿ ಎಂದು. ಓವನ್ನಿನ ಉಪಾಯ ಇಲ್ಲಿ ಇಲ್ಲ. ಆದ್ದರಿಂದ ಹೆಪ್ಪು ಜಾಸ್ತಿ. 19 ಲೀಟರಿಗೆ 11.5 ಗ್ರಾಮಿನ ಎರಡು ಪೊಟ್ಟಣ, ಒಟ್ಟು 23 ಗ್ರಾಂ. ಡಬ್ಬಿಯ ಜೊತೆಗಿನ 7 ಗ್ರಾಂ ಎಲ್ಲಿಗೂ ಸಾಲದು.

ನಾನು ಮೊದಲ ಲಾಗರ್ ಮಾಡಿದಾಗ ಜಿಪುಣತನ ಮಾಡಿ ಒಂದೇ ಪೊಟ್ಟಣ ಹಾಕಿದೆ, ಅದೂ 9 ಡಿಗ್ರಿಯಲ್ಲಿ. ನಾಲ್ಕು ದಿನ ಬಕೆಟ್ ಕಲ್ಲಿನಂತೆ ಕೂತಿತ್ತು. ಐದನೆಯ ದಿನ ಗುಳ್ಳೆ ಬಂತು, ಆದರೆ ಅಷ್ಟರಲ್ಲಿ ಬೇರೆ ಯಾರೋ ಬಂದು ಮನೆ ಮಾಡಿಕೊಂಡಿದ್ದರು. ಹುಳಿ ಬಂದ ಇಡ್ಲಿ ಹಿಟ್ಟಿನ ನೀರಿನ ರುಚಿ. ಇಪ್ಪತ್ತು ಲೀಟರ್ ಮೋರಿಗೆ ಸುರಿದೆ.

ಯಾವ ಯೀಸ್ಟ್? ಕಣ್ಣು ಮುಚ್ಚಿ ಡಬ್ಲ್ಯೂ-34/70 ಕೇಳಿ. ಸಫ್‌ಲಾಗರ್ ಹೆಸರಿನಲ್ಲಿ ಒಣಗಿಸಿ ಮಾರುತ್ತಾರೆ. ತಯಾರಕರೇ 12ರಿಂದ 18 ಡಿಗ್ರಿ ಎಂದು ಹೇಳುತ್ತಾರೆ, ಅಂದರೆ ಸ್ವಲ್ಪ ಹೆಚ್ಚು ಕಡಿಮೆಯಾದರೂ ಕೈಬಿಡುವುದಿಲ್ಲ. ಕರೆಂಟ್ ಹೋಗಿ ಒಂದು ರಾತ್ರಿ 17ಕ್ಕೆ ಏರಿತೆಂದು ಅಳಬೇಕಾಗಿಲ್ಲ. ಒಣ ಯೀಸ್ಟಿಗೆ ಆಮ್ಲಜನಕ ಊದುವ ಪಂಪು ಗಿಂಪು ಏನೂ ಬೇಡ.

(ಈ ಲಾಗರ್ ಯೀಸ್ಟಿನ ಜಾತಕವೇ ಒಂದು ಕಥೆ. ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸನ್ 1883ರಲ್ಲಿ ಅದನ್ನು ಶುದ್ಧವಾಗಿ ಬೇರ್ಪಡಿಸಿದರು. ಅದು ಮಿಶ್ರತಳಿ. ಒಬ್ಬ ಪಾಲಕ ನಮ್ಮ ಬ್ರೆಡ್ ಯೀಸ್ಟಿನ ಜಾತಿ. ಇನ್ನೊಬ್ಬ ಯಾರೆಂದು ಬಹುಕಾಲ ಬಗೆಹರಿದಿರಲಿಲ್ಲ. 2011ರಲ್ಲಿ ಅರ್ಜೆಂಟೀನಾದ ಪ್ಯಾಟಗೋನಿಯಾದ ಕಾಡುಮರಗಳ ಮೇಲೆ ಆ ಚಳಿಗೆ ಒಗ್ಗಿದ ಯೀಸ್ಟ್ ಪತ್ತೆಯಾಯಿತು. ತಂಪಿನಲ್ಲಿ ದುಡಿಯುವ ಗುಣ ಆ ಕಡೆಯ ಬಳುವಳಿ.)

ಸಾಮಾನು ತರುವಾಗ ತಿಳಿ ಪಿಲ್ಸ್‌ನರ್ ಮಾಲ್ಟಿನ ಒಣ ಸಾರ 2.4 ಕೆಜಿ ತನ್ನಿ. ನಮ್ಮ ರಾಗಿ ಮಾಲ್ಟ್ ಗೊತ್ತಲ್ಲ: ಮೊಳಕೆ ಕಟ್ಟಿಸಿ, ಒಣಗಿಸಿ, ಪುಡಿ ಮಾಡುವುದು. ಬಾರ್ಲಿಗೂ ಅದೇ ಸಂಸ್ಕಾರ. ಈ ಪುಡಿ ಮಾತ್ರ ಆ ಮಾಲ್ಟನ್ನು ಬಿಸಿನೀರಿನಲ್ಲಿ ನೆನೆಸಿ, ಸಿಹಿ ರಸ ತೆಗೆದು, ಅದನ್ನು ಒಣಗಿಸಿದ್ದು. ಕಾಳಿನಿಂದಲೇ ರಸ ತೆಗೆಯುವ ಕೆಲಸ ನಾಲ್ಕನೆಯದೋ ಐದನೆಯದೋ ಬಿಯರಿಗೆ ಇರಲಿ. ಮೊದಲ ಸಲ ನಿಮ್ಮ ಗಮನವೆಲ್ಲ ಯೀಸ್ಟಿನ ಮೇಲಿರಲಿ. ಹಾಪ್ಸ್ ಹ್ಯಾಲರ್‌ಟೌ ಅಥವಾ ಚೆಕ್ ನಾಡಿನ ಸಾಜ್, 60 ಗ್ರಾಂ. ಪೊಟ್ಟಣದ ಮೇಲೆ ಕಹಿ ಕೊಡುವ ಆಲ್ಫಾ ಆಮ್ಲ ಶೇ. 4ರ ಹತ್ತಿರ ಇದೆಯೇ ನೋಡಿ. ಇದೇ ಪ್ರಮಾಣಕ್ಕೆ ಶೇ. 12ರ ಹಾಪ್ಸ್ ಹಾಕಿದರೆ ಬೇವಿನ ಕಷಾಯ.

ನೀರಿನ ಬಗ್ಗೆ ಹವ್ಯಾಸಿಗಳು ಗಂಟೆಗಟ್ಟಲೆ ಮಾತಾಡುತ್ತಾರೆ. ಬೊಹೀಮಿಯಾದ ಪ್ಲ್ಜೆನ್ ಊರಿನಲ್ಲಿ 1842ರ ಅಕ್ಟೋಬರ್ 5ರಂದು ಬವೇರಿಯಾದ ಯೋಸೆಫ್ ಗ್ರೋಲ್ ಪಿಲ್ಸ್‌ನರ್ ಎಂಬ ತಿಳಿ ಲಾಗರನ್ನು ಮೊದಲು ಬೇಯಿಸಿದಾಗ, ತಿಳಿ ಮಾಲ್ಟ್ ಮತ್ತು ಸಾಜ್ ಹಾಪ್ಸಿನ ಜೊತೆ ಅವರಿಗೆ ಸಿಕ್ಕ ವರ ಆ ಊರಿನ ತೀರಾ ಮೃದುವಾದ ನೀರು. ನೀವು ತಲೆ ಕೆಡಿಸಿಕೊಳ್ಳಬೇಡಿ. ಮಾಲ್ಟ್ ಸಾರದಲ್ಲಿ ಬೇಕಾದ ಖನಿಜ ಆಗಲೇ ಇದೆ, ಹಾಗಾಗಿ ದಿನಸಿ ಅಂಗಡಿಯ ಆರ್‌ಒ ನೀರಿನ ಕ್ಯಾನುಗಳೇ ಸಾಕು. ನಲ್ಲಿ ನೀರೇ ಬಳಸುವುದಾದರೆ 19 ಲೀಟರಿಗೆ ಕಾಲು ಕ್ಯಾಂಪ್ಡೆನ್ ಮಾತ್ರೆ ಪುಡಿ ಮಾಡಿ ಹಾಕಿ. ಇಲ್ಲದಿದ್ದರೆ ನೀರಿನ ಕ್ಲೋರಿನ್ ಮಾಲ್ಟಿನ ಜೊತೆ ಸೇರಿ ಬಿಯರಿಗೆ ಡೆಟಾಲ್ ವಾಸನೆ ಕೊಡುತ್ತದೆ. ಅದು ಬಂದ ಮೇಲೆ ಹೋಗುವುದಿಲ್ಲ.

ಶುಕ್ರವಾರ ರಾತ್ರಿಯೇ 12 ಲೀಟರ್ ನೀರನ್ನು ಮುಚ್ಚಿದ ಕ್ಯಾನಿನಲ್ಲೇ ಫ್ರಿಜ್ಜಿನಲ್ಲಿಡಿ. ಶನಿವಾರ ದೊಡ್ಡ ಪಾತ್ರೆಯಲ್ಲಿ 9 ಲೀಟರ್ ನೀರು ಕಾಯಿಸಿ, ಒಲೆಯಿಂದ ಇಳಿಸಿ 1 ಕೆಜಿ ಮಾಲ್ಟ್ ಪುಡಿ ಕದಡಿ, ಮತ್ತೆ ಒಲೆಗೇರಿಸಿ. ಹಾಲು ಉಕ್ಕುವುದಕ್ಕಿಂತ ಜೋರಾಗಿ ಉಕ್ಕುತ್ತದೆ, ಪಕ್ಕ ಬಿಟ್ಟು ಕದಲಬೇಡಿ. ಉಕ್ಕು ಇಳಿದ ಮೇಲೆ 40 ಗ್ರಾಂ ಹಾಪ್ಸ್ ಹಾಕಿ 45 ನಿಮಿಷ ಕುದಿಸಿ, ಉಳಿದ 20 ಗ್ರಾಂ ಹಾಕಿ ಇನ್ನು 15 ನಿಮಿಷ. ಕೊನೆಯ ಹತ್ತು ನಿಮಿಷ ಇರುವಾಗ ಉರಿ ಆರಿಸಿ ಮಿಕ್ಕ 1.4 ಕೆಜಿ ಪುಡಿ ಕದಡಿ, ಮತ್ತೆ ಉರಿ ಹಚ್ಚಿ ಕುದಿ ಮುಗಿಸಿ. ಎಲ್ಲವನ್ನೂ ಮೊದಲೇ ಹಾಕಿ ಗಂಟೆ ಹೊತ್ತು ಕುದಿಸಿದರೆ ಬಣ್ಣ ಚಹಾದ ಕಡೆ ವಾಲುತ್ತದೆ. ಮುಚ್ಚಳ ಪೂರ್ತಿ ಮುಚ್ಚಬೇಡಿ, ಬೇಯಿಸಿದ ಮೆಕ್ಕೆಜೋಳದ ವಾಸನೆ ಹಬೆಯಲ್ಲಿ ಹೋಗಲಿ.

ಕುದಿ ಮುಗಿದ ಕ್ಷಣದಿಂದ ಮಡಿ. ಕುದಿಯುವವರೆಗೆ ಏನು ಬಿದ್ದರೂ ಸಾಯುತ್ತದೆ, ಆಮೇಲೆ ಮುಟ್ಟುವ ಪ್ರತಿಯೊಂದೂ ಶುದ್ಧವಾಗಿರಬೇಕು: ಬಕೆಟ್, ಮುಚ್ಚಳ, ಏರ್‌ಲಾಕ್ (ಒಳಗಿನ ಗ್ಯಾಸ್ ಬಿಟ್ಟು ಹೊರಗಿನ ಗಾಳಿ ತಡೆಯುವ ನೀರಿನ ಬಿರಡೆ), ಚಮಚ, ಯೀಸ್ಟ್ ಕತ್ತರಿಸುವ ಕತ್ತರಿ. ಸ್ಟಾರ್ ಸ್ಯಾನ್ ಎಂಬ ಸೋಂಕುನಾಶಕ ದ್ರಾವಣ 19 ಲೀಟರ್ ನೀರಿಗೆ 30 ಎಂಎಲ್. ಅದರ ನೊರೆ ನೋಡಿ ತೊಳೆಯಲು ಹೋಗಬೇಡಿ, ನೊರೆ ಇದ್ದರೂ ಚಿಂತೆಯಿಲ್ಲ, ತೊಳೆದ ನೀರಿನಿಂದಲೇ ಮತ್ತೆ ಮೈಲಿಗೆ. ಆದರೆ ಕೊಳೆ ಇರುವ ಬಕೆಟ್ಟಿಗೆ ಸ್ಟಾರ್ ಸ್ಯಾನ್ ಹಾಕಿ ಪ್ರಯೋಜನವಿಲ್ಲ, ಮೊದಲು ಉಜ್ಜಿ ತೊಳೆದಿರಬೇಕು.

ಪಾತ್ರೆಯನ್ನು ಸಿಂಕಿನಲ್ಲಿ ಮಂಜುಗಡ್ಡೆ ನೀರಿನಲ್ಲಿಟ್ಟು 25 ಡಿಗ್ರಿಗೆ ಇಳಿಸಿ. ಆವಿಯಾಗಿ ಉಳಿದ ಸುಮಾರು 8 ಲೀಟರ್ ರಸಕ್ಕೆ 4 ಡಿಗ್ರಿಯ 11 ಲೀಟರ್ ನೀರು ಸೇರಿಸಿದರೆ ಒಟ್ಟು 13 ಡಿಗ್ರಿಯ ಹತ್ತಿರ ಬಂದು ನಿಲ್ಲುತ್ತದೆ. ನೀರನ್ನು ರಾತ್ರಿಯೇ ತಣಿಸಿಡಿ ಎಂದದ್ದು ಇದಕ್ಕೇ. ರಸದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇಳಿಬಿಟ್ಟರೆ 1.047ರ ಸುತ್ತ ತೋರಿಸಬೇಕು. ಯೀಸ್ಟ್ ಎರಡೂ ಪೊಟ್ಟಣ ಮೇಲೆ ಉದುರಿಸಿ, ಮುಚ್ಚಿ, ನಿಯಂತ್ರಕ 12ಕ್ಕೆ ಇಟ್ಟು ಮಲಗಿ. ಬೆಚ್ಚಗೆ 20ರಲ್ಲಿ ಶುರು ಮಾಡಿ ಆಮೇಲೆ ತಣಿಸಿ ಎಂದು ಪಕ್ಕದ ಮನೆಯವರು ಸಲಹೆ ಕೊಟ್ಟಾರು. ಹೆಪ್ಪು ಕಡಿಮೆ ಇದ್ದವರು ಮಾಡುವ ಉಪಾಯ ಅದು. ಯೀಸ್ಟ್ ಬೆಳೆಯುವ ಮೊದಲ ಮೂರು ದಿನದಲ್ಲೇ ಬೇಡದ ವಾಸನೆಗಳು ಹುಟ್ಟುವುದು, ತಂಪು ಬೇಕಾದದ್ದು ಆಗಲೇ.

ಮಾರನೇ ದಿನ ಏನೂ ಕಾಣದಿದ್ದರೆ ಗಾಬರಿ ಬೇಡ. ಒಂದೂವರೆ ದಿನ ಕಾಯಿರಿ. ಮೂರನೇ ದಿನ ನೆಲಮಾಳಿಗೆಯಲ್ಲಿ ಕೊಳೆತ ಮೊಟ್ಟೆ ನಾತ ಬಂದರೆ ಅದಕ್ಕೂ ಬೇಡ. ಲಾಗರ್ ಯೀಸ್ಟ್ ಗಂಧಕದ ಗಾಳಿ ಬಿಡುತ್ತದೆ, ಬಂದ ಹಾಗೇ ಹೋಗುತ್ತದೆ. ಅಮ್ಮನಿಗೆ ಮೊದಲೇ ಹೇಳಿಡುವುದು ಕ್ಷೇಮ.

ಎಂಟನೇ ದಿನದ ಹೊತ್ತಿಗೆ ಸ್ವಲ್ಪ ತೆಗೆದು ಅಳೆಯಿರಿ. 1.020ರ ಕೆಳಗೆ ಬಂದಿದ್ದರೆ ಫ್ರಿಜ್ ಆರಿಸಿ ಬಾಗಿಲು ತೆರೆದಿಡಿ, ನಿಮ್ಮ ನೆಲಮಾಳಿಗೆಯ 16 ಡಿಗ್ರಿಗೆ ತಾನೇ ಏರಲಿ. ನಾಲ್ಕು ದಿನ ಹಾಗೇ ಇರಲಿ. ಇದು ಬೆಣ್ಣೆ ಕರಗಿಸುವ ಹಂತ. ಯೀಸ್ಟ್ ಹುದುಗಿಸುವಾಗ ಡೈಅಸಿಟೈಲ್ ಎಂಬ ವಸ್ತು ಉಳಿಯುತ್ತದೆ, ಅದಕ್ಕೆ ಥೇಟ್ ಬೆಣ್ಣೆಯ ವಾಸನೆ. ಸ್ವಲ್ಪ ಬೆಚ್ಚಗಾದರೆ ಯೀಸ್ಟೇ ಅದನ್ನು ತಿಂದು ಮುಗಿಸುತ್ತದೆ. ಅವಸರದಲ್ಲಿ ತಣಿಸಿದರೆ ಯೀಸ್ಟ್ ಮಲಗುತ್ತದೆ, ಬೆಣ್ಣೆ ಉಳಿಯುತ್ತದೆ. ದಾವಣಗೆರೆಯವರಿಗೆ ಬೆಣ್ಣೆ ಬೇಡ ಎನ್ನಲು ನನಗೇ ಸಂಕೋಚ, ಆದರೆ ಅದು ದೋಸೆಯ ಮೇಲಿರಲಿ. ಪರೀಕ್ಷೆ ಸುಲಭ: ಎರಡು ಲೋಟಗಳಲ್ಲಿ ಸ್ವಲ್ಪ ಸ್ವಲ್ಪ ಬಿಯರ್ ಹಾಕಿ, ಒಂದನ್ನು ಮುಚ್ಚಿ 60 ಡಿಗ್ರಿ ಬಿಸಿನೀರಿನಲ್ಲಿ 20 ನಿಮಿಷ ಇಡಿ, ತಣಿಸಿ, ಎರಡನ್ನೂ ಮೂಸಿ. ಬಿಸಿ ಮಾಡಿದ್ದರಲ್ಲಿ ಬೆಣ್ಣೆ ಬಂದರೆ ಇನ್ನೆರಡು ದಿನ ಬಿಡಿ.

ಕೊನೆಯ ಅಳತೆ 1.010 ಆಸುಪಾಸು ಬರಬೇಕು. ಆಗ ಆಲ್ಕೊಹಾಲ್ ಶೇ. 4.8ರ ಹತ್ತಿರ. ಮೂರು ದಿನದ ಅಂತರದಲ್ಲಿ ಎರಡು ಸಲ ಅಳೆದಾಗ ಒಂದೇ ಅಂಕಿ ಬರದೆ ಬಾಟಲಿಗೆ ತುಂಬಬೇಡಿ. ಏರ್‌ಲಾಕಿನ ಗುಳ್ಳೆ ನಿಂತಿತು ಎಂಬುದು ಸಾಕ್ಷಿಯಲ್ಲ. ಹುದುಗು ಮುಗಿಯದೆ ಬಿರಡೆ ಒತ್ತಿದರೆ ಒಳಗಿನ ಒತ್ತಡಕ್ಕೆ ಗಾಜು ಸಿಡಿಯುತ್ತದೆ. ಗೋಲಿ ಸೋಡಾ ಅಂಗಡಿಯಲ್ಲಿ ಬಾಟಲಿ ಒಡೆದದ್ದು ನೋಡಿದವರಿಗೆ ಹೇಳಬೇಕಿಲ್ಲ.

ತುಂಬುವ ದಿನ 18 ಲೀಟರಿಗೆ 105 ಗ್ರಾಂ ಸಾಮಾನ್ಯ ಸಕ್ಕರೆಯನ್ನು ಒಂದು ಲೋಟ ನೀರಿನಲ್ಲಿ ಕುದಿಸಿ ತಣಿಸಿ ಸೇರಿಸಿ. ಚಮಚದಲ್ಲಿ ಅಲ್ಲ, ತಕ್ಕಡಿಯಲ್ಲಿ ತೂಗಿ. ಬಿಯರನ್ನು ಪೈಪಿನಿಂದ ಸದ್ದಿಲ್ಲದೆ ಇಳಿಸಿ, ಈಗ ಗಾಳಿ ಶತ್ರು. ಗಾಳಿ ಕೂಡಿದರೆ ತಿಂಗಳಲ್ಲಿ ಒದ್ದೆ ರಟ್ಟಿನ ರುಚಿ. ಬಾಟಲಿ ಕಂದು ಬಣ್ಣದ್ದೇ ಇರಲಿ. ಹಸಿರು ಗಾಜು ಚೆಂದ, ಆದರೆ ಬೆಳಕು ತಾಗಿದರೆ ಹಾಪ್ಸಿನ ಕಹಿ ಮುರಿದು ದುರ್ವಾಸನೆ ಹುಟ್ಟುತ್ತದೆ. ತಿರುಗಿಸಿ ತೆಗೆಯುವ ಮುಚ್ಚಳದ ಬಾಟಲಿ ಬೇಡ, ಬಿರಡೆ ಸರಿಯಾಗಿ ಕೂರುವುದಿಲ್ಲ. 355 ಎಂಎಲ್‌ನ ಐವತ್ತು ಬಾಟಲಿ ಬೇಕಾಗುತ್ತದೆ. ಒಂದನ್ನು ಮಾತ್ರ ಪ್ಲಾಸ್ಟಿಕ್ ಸೋಡಾ ಬಾಟಲಿಯಲ್ಲಿ ತುಂಬಿ. ಹಿಸುಕಿದರೆ ಕಲ್ಲಿನಂತಾದಾಗ ಉಳಿದವೂ ಗ್ಯಾಸ್ ಹಿಡಿದಿವೆ ಎಂದರ್ಥ.

ಎರಡು ವಾರ ಮನೆಯೊಳಗಿನ 20 ಡಿಗ್ರಿಯಲ್ಲಿ, ಆಮೇಲೆ ಎಲ್ಲವೂ ಫ್ರಿಜ್ಜಿಗೆ, 2-3 ಡಿಗ್ರಿಯಲ್ಲಿ ಮೂರು ವಾರ. ಲೆಕ್ಕ ಹಾಕಿ: ಎರಡು, ಎರಡು, ಮೂರು. ಏಳು. ದೊಡ್ಡ ಬ್ರೂವರಿಯವರು ಟ್ಯಾಂಕಿನಲ್ಲೇ ತಂಪಿಡುತ್ತಾರೆ, ಆಮೇಲೆ ತುಂಬುತ್ತಾರೆ. ನಾನು ಬಾಟಲಿಯಲ್ಲೇ ಇಡಿ ಎನ್ನುವುದು ನಿಮ್ಮ ಸಮಯ ಉಳಿಸಲು ಮಾತ್ರವಲ್ಲ. ಬಕೆಟ್ ತಣ್ಣಗಾದಾಗ ಒಳಗಿನ ಗಾಳಿ ಕುಗ್ಗಿ ಏರ್‌ಲಾಕಿನ ನೀರನ್ನು, ಅದರ ಹಿಂದೆಯೇ ಹೊರಗಿನ ಗಾಳಿಯನ್ನು ಒಳಕ್ಕೆಳೆಯುತ್ತದೆ. ಹೊಸಬರಿಗೆ ಆ ತಲೆನೋವು ಬೇಡ.

ತಿಳಿಯಾಗಲು ಜೆಲಾಟಿನ್ ಹಾಕಿ ಎಂದು ಯಾರಾದರೂ ಹೇಳಿದರೆ, ಅದು ಪ್ರಾಣಿಗಳ ಚರ್ಮ, ಮೂಳೆಯಿಂದ ಬಂದದ್ದು ಎಂಬುದು ಗೊತ್ತಿರಲಿ. ಐಸಿಂಗ್ಲಾಸ್ ಮೀನಿನದು. ಮನೆಯಲ್ಲಿ ಸಸ್ಯಾಹಾರಿಗಳಿದ್ದರೆ ಕುದಿಯ ಕೊನೆಯ ಹತ್ತು ನಿಮಿಷದಲ್ಲಿ ಐರಿಶ್ ಮಾಸ್ ಎಂಬ ಕಡಲಪಾಚಿ ಒಂದು ಚಮಚ ಹಾಕಬಹುದು. ಏನೂ ಹಾಕದಿದ್ದರೂ ಮೂರು ವಾರದ ತಂಪು ಸಾಕಷ್ಟು ತಿಳಿ ಮಾಡುತ್ತದೆ. ತಳದಲ್ಲಿ ತೆಳು ಗಸಿ ಕೂತಿರುತ್ತದೆ, ಲೋಟಕ್ಕೆ ಬಗ್ಗಿಸುವಾಗ ಕೊನೆಯ ಗುಟುಕು ಬಾಟಲಿಯಲ್ಲೇ ಬಿಡಿ.

ಒಂದು ಮಾತು: ಊರಿನಲ್ಲಿ ಕುಡಿದ ಲಾಗರಿನಷ್ಟು ಹಗುರ ಇದು ಇರುವುದಿಲ್ಲ. ಅಲ್ಲಿನ ದೊಡ್ಡ ಬ್ರೂವರಿಗಳ ಲಾಗರಿನಲ್ಲಿ ಸಾಮಾನ್ಯವಾಗಿ ಮಾಲ್ಟಿನ ಜೊತೆ ಅಕ್ಕಿ, ನಿಮ್ಮ ಕಡೆ ರಾಶಿ ರಾಶಿ ಬೆಳೆಯುವ ಮೆಕ್ಕೆಜೋಳ ಅಥವಾ ಸಕ್ಕರೆ ಸೇರಿರುತ್ತದೆ. ಅದೇ ಬೇಕಿದ್ದರೆ ಮುಂದಿನ ಸಲ 400 ಗ್ರಾಂ ಮಾಲ್ಟ್ ಕಡಿಮೆ ಮಾಡಿ ಅಷ್ಟೇ ತೂಕದ ಡೆಕ್ಸ್‌ಟ್ರೋಸ್ ಸಕ್ಕರೆ ಹಾಕಿ. ಮೊದಲ ಸಲ ಬರೀ ಮಾಲ್ಟಿನ ರುಚಿ ನೋಡಿ.

ಅಮ್ಮನ ಭಯಕ್ಕೆ ಬರೋಣ. ಅದನ್ನು ನಕ್ಕು ತಳ್ಳಬೇಡಿ, ಅವರ ತಲೆಮಾರಿನವರಿಗೆ ಅದು ಕೇಳಿದ ಸುದ್ದಿ. 1981ರಲ್ಲಿ ಬೆಂಗಳೂರಿನಲ್ಲಿ ವಿಷದ ಸಾರಾಯಿ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ಅಂಥ ಸಾವುಗಳ ಹಿಂದೆ ಇರುವುದು ಲಾಭಕ್ಕಾಗಿ ಸಾರಾಯಿಗೆ ಬೆರೆಸಿದ ಮೆಥಿಲ್ ಆಲ್ಕೊಹಾಲ್. ಬಾರ್ಲಿ ರಸ ಹುದುಗಿದಾಗ ಅದು ಲೆಕ್ಕಕ್ಕೆ ಬಾರದಷ್ಟು ಅಲ್ಪ, ನಾವು ಬಟ್ಟಿ ಇಳಿಸುವುದೂ ಇಲ್ಲ. ಆಲ್ಕೊಹಾಲ್, ಹುಳಿ, ಹಾಪ್ಸ್ ಮೂರೂ ಇರುವ ಕಡೆ ರೋಗ ತರುವ ಸೂಕ್ಷ್ಮಜೀವಿಗಳು ಬೆಳೆಯಲಾರವು. ಕೆಟ್ಟ ಬಿಯರ್ ನಾಲಿಗೆ ಕೆಡಿಸುತ್ತದೆ, ಪ್ರಾಣ ತೆಗೆಯುವುದಿಲ್ಲ. ಅಪಾಯ ಬೇಕೆಂದರೆ ಆ ಸಿಡಿಯುವ ಬಾಟಲಿ ಮತ್ತು ಕುದಿಯುವ ಪಾತ್ರೆ, ಎರಡೇ.

ಕಾನೂನಿನ ಮಟ್ಟಿಗೆ ನೀವು ಕ್ಷೇಮ. ಅಧ್ಯಕ್ಷ ಜಿಮ್ಮಿ ಕಾರ್ಟರ್ 1978ರಲ್ಲಿ ಸಹಿ ಹಾಕಿದ ಕಾಯ್ದೆಯಂತೆ ಇಬ್ಬರು ವಯಸ್ಕರಿರುವ ಮನೆಯಲ್ಲಿ ವರ್ಷಕ್ಕೆ 200 ಗ್ಯಾಲನ್‌ವರೆಗೆ ತೆರಿಗೆಯಿಲ್ಲದೆ ಸ್ವಂತಕ್ಕೆ ಮಾಡಿಕೊಳ್ಳಬಹುದು. ಮಾರುವ ಹಾಗಿಲ್ಲ. ಆದರೆ ಭಾವಮೈದ ರುಚಿ ನೋಡಿ, ‘ನಾನೂ ಊರಲ್ಲಿ ಮಾಡ್ತೀನಿ ಭಾವ’ ಎಂದರೆ ಅಲ್ಲೇ ತಡೆಯಿರಿ. 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ, ಬಿಯರಿಗೆ ವಿನಾಯಿತಿಯಿಲ್ಲ.

ಭಾವಮೈದ ಬಂದ ದಿನ ಎಲ್ಲವನ್ನೂ ತೆಗೆದುಬಿಡಬೇಡಿ. ಆರು ಬಾಟಲಿ ಫ್ರಿಜ್ಜಿನ ಹಿಂದಿನ ಮೂಲೆಗೆ ತಳ್ಳಿ, ಮೇಲೊಂದು ಉಪ್ಪಿನಕಾಯಿ ಭರಣಿ ಇಟ್ಟುಬಿಡಿ. ಇನ್ನೂ ನಾಲ್ಕು ವಾರ ಕಳೆದ ಮೇಲೆ ಒಂದನ್ನು ತೆಗೆದು ಕುಡಿದು ನೋಡಿ, ಹೇಗಿತ್ತೆಂದು ನನಗೆ ಬರೆಯಿರಿ.